ಫೋಲ್ಡಿಂಗ್ ವರ್ಕ್ ಟೇಬಲ್: ಕಾಲು ಉಳಿಸಿಕೊಂಡೆ, ಉಳಿದದ್ದು ಬದಲಿಸಿದೆ

ಚಕ್ರದ ಫೋಲ್ಡಿಂಗ್ ವರ್ಕ್ ಟೇಬಲ್ ತೆಗೆದುಕೊಳ್ಳಬಹುದಾ ಎಂದು ಈ ವರ್ಷ ನನ್ನ ಹತ್ತಿರ ಕೇಳಿದವರು ಏನಿಲ್ಲವೆಂದರೂ ಹತ್ತು ಜನ. ಅವರಲ್ಲಿ ಮೂವರು, ಎರಡು ವರ್ಷದ ಹಿಂದೆ ಮಣಿಪಾಲದ ಸೈಟಿನಲ್ಲಿ ನನ್ನ ಟೇಬಲ್ ನೋಡಿ, "ಇದು ಇಸ್ತ್ರಿ ಹಾಕಲಿಕ್ಕೆ ಆದೀತು, ಆಚಾರಿ ಕೆಲಸಕ್ಕಲ್ಲ" ಎಂದವರು. ಈಗ ಅವರಿಗೂ ಬೇಕು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ತೆಗೆದುಕೊಳ್ಳಿ, ಆದರೆ ಅದರ ಕಾಲಿಗಾಗಿ ತೆಗೆದುಕೊಳ್ಳಿ. ಮೇಲಿನ ಹಲಗೆಯನ್ನೂ ಚಕ್ರಗಳನ್ನೂ ಬಿಚ್ಚಿ ಬಿಸಾಡುವ ಲೆಕ್ಕ ಇಟ್ಟುಕೊಂಡೇ ದುಡ್ಡು ಎಣಿಸಿ.

ನನ್ನ ಮರಗೆಲಸ ಮುಕ್ಕಾಲು ಪಾಲು ಬೇರೆಯವರ ಮನೆಯೊಳಗೆ. ಮಣಿಪಾಲದ ಫ್ಲಾಟು, ಸಂತೆಕಟ್ಟೆ ಕಡೆಯ ಹೊಸ ಮನೆ, ಕಾಪು ತನಕದ ಹಳೆ ಮನೆಗಳ ರಿಪೇರಿ. ಅಪ್ಪ ನೆಲದಲ್ಲಿ ಕೂತು, ಹಲಸಿನ ಹಲಗೆಯನ್ನು ಕಾಲಿನಲ್ಲೇ ಒತ್ತಿ ಹಿಡಿದು ಕೀಸುಳಿ ಹೊಡೆದವರು. ನಾನು ಎಂಟು ಅಡಿ ನಾಲ್ಕು ಅಡಿಯ ಪ್ಲೈವುಡ್ ಶೀಟು ಕೊಯ್ಯುವವನು. ಅದನ್ನು ನೆಲದಲ್ಲಿ ಕೂತು ಮಾಡಲಿಕ್ಕಾಗುವುದಿಲ್ಲ. ಎರಡು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಶೀಟು ಇಟ್ಟು ಸರ್ಕ್ಯುಲರ್ ಸಾ (ತಿರುಗುವ ಬ್ಲೇಡಿನ ಗರಗಸ) ಓಡಿಸುವುದೇ ರೂಢಿಯಾಗಿತ್ತು. ಒಮ್ಮೆ ಸ್ಟೂಲು ಜಾರಿ, ಬ್ಲೇಡು ಮನೆಯವರ ಊಟದ ಮೇಜಿನ ಅಂಚಿಗೆ ಇಳಿಯಿತು. ನಾಲ್ಕು ಸಾವಿರ ಕೊಟ್ಟು ಬಂದೆ. ಇಂಗ್ಲೆಂಡಿನಲ್ಲಿ ರಾನ್ ಹಿಕ್‌ಮನ್ ಎನ್ನುವವರಿಗೂ ಹೀಗೇ ಆಗಿತ್ತು. ಲೋಟಸ್ ಎಲಾನ್ ಕಾರಿನ ವಿನ್ಯಾಸ ಮಾಡಿದವರು ಅವರು. ಮನೆಯ ಕುರ್ಚಿಯನ್ನೇ ಆನಿಕೆಗೆ ಇಟ್ಟುಕೊಂಡು ಮರ ಕೊಯ್ಯುವಾಗ ಕುರ್ಚಿಯನ್ನೂ ಕೊಯ್ದುಬಿಟ್ಟರು. ಆ ಮೇಲೆ ಮಾಡಿದ್ದೇ ವರ್ಕ್‌ಮೇಟ್ ಎಂಬ ಮಡಚುವ ಬೆಂಚು. ಬ್ಲ್ಯಾಕ್ ಅಂಡ್ ಡೆಕ್ಕರ್ ಎಂಬ ಟೂಲ್ ಕಂಪೆನಿ 1970ರ ದಶಕದಲ್ಲಿ ಅದನ್ನು ಲಕ್ಷಗಟ್ಟಲೆ ಮಾರಿತು.

ನಾನು ತಂದ ಟೇಬಲಿಗೆ ಏಳು ಸಾವಿರದ ಎಂಟುನೂರೋ ಏನೋ ಬಿತ್ತು. ಮೇ ತಿಂಗಳಲ್ಲಿ ಬಂತು. ಮೊದಲ ವಾರ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಎರಡನೇ ವಾರ ಹಲಸಿನ ಬಾಗಿಲ ಚೌಕಟ್ಟಿನ ತುಂಡು ಕಟ್ಟಿ ಕೀಸುಳಿ ಎಳೆದೆ ನೋಡಿ, ಟೇಬಲೇ ಮುಂದೆ ನಡೆಯಿತು. ನಾಲ್ಕೂ ಚಕ್ರದ ಲಾಕು ಒತ್ತಿಯೇ ಇತ್ತು. ಮಂಡಿಯೂರಿ ಕೂತು ಚಕ್ರವನ್ನು ಕೈಯಲ್ಲಿ ಅಲ್ಲಾಡಿಸಿದೆ. ಲಾಕು ಉರುಳುವುದನ್ನು ಮಾತ್ರ ಹಿಡಿಯುತ್ತದೆ. ಚಕ್ರದ ಕುತ್ತಿಗೆ ತಿರುಗುವುದನ್ನು ಹಿಡಿಯುವುದಿಲ್ಲ. ಒಂದೊಂದು ಚಕ್ರಕ್ಕೆ ಕಾಲಿಂಚು ಆಟ ಅಂದರೆ ಕೀಸುಳಿಯ ಅರ್ಧ ಬಲ ಅಲ್ಲೇ ಹೋಯಿತು. ಉಳಿ ಕೆಲಸಕ್ಕಂತೂ ಬೇಡವೇ ಬೇಡ. ಕೊಡತಿಯಲ್ಲಿ ಒಂದು ಪೆಟ್ಟು ಹೊಡೆದರೆ ಇಡೀ ಟೇಬಲ್ ನಡುಗುತ್ತಿತ್ತು.

ಜೂನ್ ಬಂತು. ನಮ್ಮ ಉಡುಪಿ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ, ಅದರಲ್ಲಿ ಹೆಚ್ಚಿನದ್ದೆಲ್ಲ ಸೆಪ್ಟೆಂಬರ್ ಒಳಗೇ. ಟೇಬಲಿನ ಮೇಲ್ಭಾಗ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಒಂದು ದಿನವೂ ಮಳೆಗೆ ಇಟ್ಟವನಲ್ಲ ನಾನು, ಗಾಳಿಯ ತೇವಕ್ಕೇ ಅಂಚು ರೊಟ್ಟಿಯ ಹಾಗೆ ಉಬ್ಬಿತು. ಸ್ಕ್ರೂ ಹಿಡಿತ ಬಿಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ, ನೀರು ತಾಗಿದ್ದಕ್ಕೆ ವಾರಂಟಿ ಇಲ್ಲ ಎಂದರು. ನೀರೇ ತಾಗಿಲ್ಲ ಎಂದರೆ ಕೇಳುವವರಿಲ್ಲ.

ಆಗ ಅದನ್ನು ಗುಜರಿಗೆ ಹಾಕು ಎಂದವರೇ ಎಲ್ಲರೂ. ಆದರೆ ಕಾಲಿನ ಕಬ್ಬಿಣ ಒಳ್ಳೆಯದಿತ್ತು, ಕಾಲುಗಳನ್ನು ಆನಿಸಿ ಹಿಡಿಯುವ ಮಡಚುವ ಬ್ರೇಸ್ ಗಟ್ಟಿ ಇತ್ತು. ಅಷ್ಟನ್ನು ನಾನೇ ವೆಲ್ಡಿಂಗ್ ಮಾಡಿಸಿದರೆ ಏಳು ಸಾವಿರದಲ್ಲಿ ಮುಗಿಯುವುದಿಲ್ಲ. ಅದಕ್ಕೇ ಹಟ ಹಿಡಿದೆ.

ಮೊದಲು ಮಾಡಿದ್ದು ತಪ್ಪು. ಎರಡು 18 ಎಂಎಂ ಪ್ಲೈ ಅಂಟಿಸಿ ಮೇಲೆ ಕೂರಿಸಿದೆ. ನಾಲ್ಕಡಿ ಎರಡಡಿಗೆ 17 ಕೆಜಿ ಹತ್ತಿರ ತೂಕ, ಕಾಲು ಸೇರಿ ಮೂವತ್ತು ದಾಟಿತು. ಲಿಫ್ಟ್ ಕೊಡದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೇ ಮಾಳಿಗೆಗೆ ಹೊತ್ತ ದಿನವೇ ಅದನ್ನು ಬಿಚ್ಚಿದೆ. ಮೂರು ಸಾವಿರ ನೀರಿಗೆ.

ಆಮೇಲೆ ಟಾರ್ಷನ್ ಬಾಕ್ಸ್ ಮಾಡಿದೆ, ಅಂದರೆ ಎರಡು ತೆಳು ಹಲಗೆಯ ನಡುವೆ ಪಟ್ಟಿಗಳನ್ನು ಅಂಟಿಸಿದ ಟೊಳ್ಳು ಪೆಟ್ಟಿಗೆ. ಮೇಲೆ 12 ಎಂಎಂ, ಕೆಳಗೆ 6 ಎಂಎಂ, ನಡುವೆ 40 ಎಂಎಂ ಎತ್ತರದ ಪಟ್ಟಿಗಳು, ಆರಾರು ಇಂಚಿಗೆ ಒಂದು. ಎಲ್ಲ ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈ, ಹಳೆ ಕಿಚನ್ ಕೆಲಸಗಳಲ್ಲಿ ಉಳಿದ ತುಂಡುಗಳೇ ಹೆಚ್ಚು. ತೂಕ ಹನ್ನೆರಡು ಕೆಜಿ ಒಳಗೆ, ಬಗ್ಗುವುದು ಎಂಬ ಮಾತಿಲ್ಲ. ನಾನು ಮೇಲೆ ಹತ್ತಿ ನಿಂತು ತೋರಿಸಿದ್ದೇನೆ. ಇದನ್ನು ಅಂಟಿಸುವಾಗ ಕೆಳಗಿನ ನೆಲ ಸಮ ಇರಬೇಕು, ಇಲ್ಲದಿದ್ದರೆ ತಿರುಚಿದ್ದು ಹಾಗೇ ಗಟ್ಟಿಯಾಗಿ ಕೂರುತ್ತದೆ. ನನ್ನ ಮೊದಲ ಬಾಕ್ಸು ಹಾಗೇ ಹೋಯಿತು. ಎರಡನೆಯದನ್ನು ಗ್ರಾನೈಟ್ ಕಿಚನ್ ಕಟ್ಟೆಯ ಮೇಲೆ ಅಂಟಿಸಿದೆ.

ಡಾಗ್ ಹೋಲ್ (ಮರವನ್ನು ಹಿಡಿದು ನಿಲ್ಲಿಸುವ ಗೂಟ, ಅಂದರೆ ಡಾಗ್, ಮತ್ತು ಕ್ಲ್ಯಾಂಪು ಕೂರುವ ತೂತು) 20 ಎಂಎಂ, ನಡುವಿನ ಅಂತರ 96 ಎಂಎಂ, ಫೆಸ್ಟೂಲ್ ಎಂಬ ಟೂಲ್ ಕಂಪೆನಿಯವರ ಟೇಬಲಿನ ಅಳತೆಯೇ. ನಾನು ಬುದ್ಧಿವಂತಿಕೆ ಮಾಡಲಿಕ್ಕೆ ಹೋಗಿ ಕೈಯಲ್ಲಿದ್ದ ಮುಕ್ಕಾಲಿಂಚಿನ ಬಿಟ್‌ನಿಂದ ಒಂದು ಸಾಲು ತೆಗೆದೆ. 20ರ ಕ್ಲ್ಯಾಂಪು ಒಂದೂ ಒಳಗೆ ಹೋಗಲಿಲ್ಲ. ಇನ್ನೊಂದು ಮಾತು: ಬರೀ 12 ಎಂಎಂ ಪ್ಲೈಯಲ್ಲಿ ಡಾಗ್ ನೆಟ್ಟಗೆ ನಿಲ್ಲುವುದಿಲ್ಲ. ತೂತು ಬರುವ ಜಾಗದಲ್ಲಿ ಬಾಕ್ಸಿನೊಳಗೆ ಗಟ್ಟಿ ಮರದ ತುಂಡು ಮೊದಲೇ ಅಂಟಿಸಬೇಕು. ನಾನು ಹಾಕಿದ್ದು ಕಿರಾಲ್‌ಬೋಗಿ, ಹಳೆ ಮನೆಯ ಮಾಡಿನ ಪಕ್ಕಾಸಿನದ್ದು. ಬಿಟ್ಟಿನ ಬಾಯಿ ಎರಡು ಸಲ ಹೋಯಿತು, ಮರ ಅಲ್ಲಾಡಲಿಲ್ಲ. ಒಂದು ಮೂಲೆಯಲ್ಲಿ ಪರೀಕ್ಷೆಗೆಂದು ರಬ್ಬರ್ ಮರ ಹಾಕಿದ್ದೆ, ಎರಡನೇ ಮಳೆಗಾಲಕ್ಕೆ ಕಪ್ಪಾಗಿ ಹುಳ ಬಿತ್ತು.

ಇನ್ನು ಚಕ್ರ. ನಾಲ್ಕನ್ನೂ ಬಿಚ್ಚಿದೆ. ತಿರುಗದ ನಾಲ್ಕಿಂಚಿನ ಚಕ್ರ ಎರಡನ್ನು ಒಂದೇ ಬದಿಯ ಕಾಲುಗಳ ಹೊರಮೈಗೆ, ನೆಲಕ್ಕಿಂತ ಎರಡು ಮೂರು ಎಂಎಂ ಮೇಲೆ ನಿಲ್ಲುವ ಹಾಗೆ ಹಾಕಿದೆ. ಟೇಬಲ್ ನಿಂತಾಗ ಚಕ್ರ ನೆಲಕ್ಕೆ ತಾಗುವುದೇ ಇಲ್ಲ. ಚಕ್ರ ಇಲ್ಲದ ಕಡೆಯ ತುದಿ ಎತ್ತಿದರೆ ಮಾತ್ರ ಕೈಗಾಡಿಯ ಹಾಗೆ ಉರುಳುತ್ತದೆ. ನಾಲ್ಕು ಕಾಲಿಗೂ ಎಂ10 (ಹತ್ತು ಎಂಎಂ ದಪ್ಪದ) ಲೆವೆಲಿಂಗ್ ಬೋಲ್ಟು, ತಿರುಗಿಸಿ ಎತ್ತರ ಸರಿಮಾಡುವಂಥದ್ದು. ಒಂದು ಪೂರ್ತಿ ಸುತ್ತು ತಿರುಗಿಸಿದರೆ ಒಂದೂವರೆ ಮಿಲಿಮೀಟರ್ ಏರುತ್ತದೆ, ಕೆಂಪುಕಲ್ಲು ಹಾಸಿದ ಅಂಗಳದಲ್ಲಿಯೂ ಎರಡು ನಿಮಿಷದಲ್ಲಿ ಕುಲುಕಾಟ ನಿಲ್ಲುತ್ತದೆ. ಬೋಲ್ಟಿನ ಅಡಿಗೆ ಬೈಕ್ ಟ್ಯೂಬಿನ ತುಂಡು ಅಂಟಿಸಿದ್ದು ಟೈಲ್ಸಿಗೂ ಒಳ್ಳೆಯದು, ಜಾರಾಟಕ್ಕೂ ಒಳ್ಳೆಯದು.

ಇಷ್ಟಾದರೂ ಕೀಸುಳಿಗೆ ಸ್ವಲ್ಪ ಓಲಾಟ ಉಳಿದಿತ್ತು. ಕೆಳಗಿನ ಅಡ್ಡಪಟ್ಟಿಗೆ ಒಂದು ತಟ್ಟೆ ಕಟ್ಟಿ ಮರಳಿನ ಚೀಲ ಇಡತೊಡಗಿದೆ, ಇಪ್ಪತ್ತು ಕೆಜಿ. ಸೈಟಿನಲ್ಲಿ ಮರಳು ಹೇಗೂ ಇರುತ್ತದೆ, ಚೀಲ ಮಾತ್ರ ಒಯ್ದರೆ ಸಾಕು. ಬ್ರೇಸ್ ಸೇರುವ ಜಾಗದಲ್ಲಿ ನಾನು ಹೊಡೆಯುವ ಒಂದು ಬೆಣೆ ಉಂಟು. ಕೊನೆಯ ಓಲಾಟ ಹೋದದ್ದು ಅದರಿಂದಲೇ. ಅದರ ಇಳಿಜಾರು ಎಷ್ಟು, ಯಾವ ಕಡೆಯಿಂದ ಹೊಡೆಯಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಆರು ತಿಂಗಳು ಕೊಟ್ಟಿದ್ದೇನೆ.

ತುಕ್ಕಿನದ್ದೇ ಒಂದು ಕಥೆ. ಕಡಲ ಗಾಳಿಗೆ ಸಾದಾ ನಟ್ಟು ಮೂರು ತಿಂಗಳು ಬಾಳುವುದಿಲ್ಲ. ತೆಂಗಿನೆಣ್ಣೆ ಹಚ್ಚಿ ನೋಡಿದೆ, ಮರದ ಹುಡಿ ಮೆತ್ತಿ ಹಿಟ್ಟಿನಂತಾಗಿ ಹಿಂಜ್ ತಿರುಗದಾಯಿತು. ಕೊನೆಗೆ ಮಲ್ಪೆಯಲ್ಲಿ ಬೋಟಿನವರು ಸಾಮಾನು ಕೊಳ್ಳುವ ಅಂಗಡಿಯಿಂದ ಸ್ಟೇನ್‌ಲೆಸ್ ಬೋಲ್ಟು ತಂದೆ. ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದ್ದನ್ನೇ ಬಿಗಿದರೆ ಕಚ್ಚಿಕೊಂಡುಬಿಡುತ್ತದೆ. ಗ್ರೀಸ್ ಹಚ್ಚದೆ ಬಿಗಿದ ಎರಡನ್ನು ಗ್ರೈಂಡರಿನಲ್ಲಿ ಕೊಯ್ಯಬೇಕಾಯಿತು. ಈಗ ಮೇಣ ಬೆರೆಸಿದ್ದೊಂದು ಹಚ್ಚುತ್ತೇನೆ, ಎರಡು ಮಳೆಗಾಲ ಕಳೆದಿದೆ.

ದುಡ್ಡಿನ ಲೆಕ್ಕ ಹೀಗೆ: ಟೇಬಲ್ ಏಳು ಚಿಲ್ಲರೆ, ಹಾಳು ಮಾಡಿದ್ದು ಐದಾರು ಸಾವಿರ, ಈಗ ಇರುವ ಮೇಲ್ಭಾಗ, ಚಕ್ರ, ಬೋಲ್ಟು ಎಲ್ಲ ಸೇರಿ ನಾಲ್ಕೂವರೆ. ಹದಿನೇಳು ಸಾವಿರ ಎಂದಿಟ್ಟುಕೊಳ್ಳಿ. ನೀವು ನನ್ನ ತಪ್ಪು ಮಾಡದಿದ್ದರೆ ಹನ್ನೆರಡರಲ್ಲಿ ಮುಗಿಯುತ್ತದೆ. ಮೊದಲು ಒಂದೊಂದು ಕಿಚನ್ ಕೆಲಸದಲ್ಲಿ ಶೀಟು ಹಿಡಿಯಲಿಕ್ಕೇ ಒಬ್ಬ ಸಹಾಯಕ ನಾಲ್ಕು ದಿನ ಬೇಕಿತ್ತು, ದಿನಕ್ಕೆ ಒಂಬೈನೂರು. ಈಗ ಒಂದು ದಿನ ಸಾಕು. ಲ್ಯಾಮಿನೇಟ್ ಗೀರಿ ಕಪಾಟಿನ ಶಟರ್ ಹಾಳಾಗುವುದು ಪೂರ್ತಿ ನಿಂತಿದೆ. ಏಳನೇ ಕೆಲಸಕ್ಕೆ ಬಂಡವಾಳ ವಾಪಸು ಬಂದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ರಿಕ್ಷಾದಿಂದ ಇಳಿಸಿದರೆ ಒಂಬತ್ತೂ ಮುಕ್ಕಾಲಿಗೆ ಸಾ ಓಡುತ್ತಿರುತ್ತದೆ. ಸೊಂಟ ನೋವಿನ ಮುಲಾಮು ಕೊಳ್ಳದೆ ವರ್ಷ ಕಳೆಯಿತು, ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದೋ.

ಸ್ವಂತ ಶೆಡ್ ಇದ್ದು, ಬಾಗಿಲು-ಕಿಟಕಿ ಮಾತ್ರ ಮಾಡುವವರಿಗೆ ಇದು ಬೇಡ. ಭಾರದ ಮರದ ಬೆಂಚಿನ ಹತ್ತಿರಕ್ಕೂ ಇದು ಬರುವುದಿಲ್ಲ. ಸಾಗುವಾನಿ ಬಾಗಿಲಿಗೆ ಆಳದ ಗೂಡು ತೋಡುವ ಕೆಲಸವನ್ನು ನಾನು ಈಗಲೂ ಮನೆಯ ಬೆಂಚಿನಲ್ಲೇ ಮಾಡುತ್ತೇನೆ. ಎತ್ತರವೂ ಎಲ್ಲರಿಗೂ ಒಂದೇ ಆಗುವುದಿಲ್ಲ. ಕಂಪೆನಿಯವರದ್ದು 34 ಇಂಚು ಇತ್ತು, ಕೀಸುಳಿಗೆ ನನಗೆ 32 ಬೇಕು. ಕಾಲು ಕೊಯ್ಯುವ ಮೊದಲು ಬಾಕ್ಸಿನ ದಪ್ಪ, ಬೋಲ್ಟಿನ ಎತ್ತರ ಎರಡನ್ನೂ ಕೂಡಿಸಿಕೊಳ್ಳಿ. ಕೊಯ್ದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ.

ಮೊನ್ನೆ ನೋಡಿದೆ, ಬ್ರೇಸಿನ ಪಿನ್ನು ಕೂರುವ ತೂತು ಸವೆದು ಮೊಟ್ಟೆಯಾಕಾರ ಆಗುತ್ತಿದೆ. ತೂತಿನೊಳಗೆ ಹಿತ್ತಾಳೆಯ ಬುಷ್ (ಬಳೆ) ಹಾಕಿಸಬೇಕು. ಸೋಮವಾರ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದ ಲೇತಿನವರ ಹತ್ತಿರ ಒಯ್ಯುತ್ತಿದ್ದೇನೆ.