ಎಕ್ಸ್‌ಟ್ರೂಷನ್ ಆದ ಮೆಗ್ನೀಷಿಯಂ-ತವರ ಸರಳಿನ ಬಲ ಎಲ್ಲಿಂದ ಬಂತೆಂದು ಪತ್ತೆ ಮಾಡುವ ಕ್ರಮ

ಎಕ್ಸ್‌ಟ್ರೂಷನ್ ಆದ, ಅಂದರೆ ಬಿಸಿ ಮಾಡಿ ಡೈ ಎಂಬ ಅಚ್ಚಿನ ಕಿಂಡಿಯಿಂದ ಒತ್ತಿ ಹೊರತೆಗೆದ, ಮೆಗ್ನೀಷಿಯಂ-ತವರ ಮಿಶ್ರಲೋಹದ ಸರಳನ್ನು ಎಳೆದು ಮುರಿದು ಒಂದು ಅಂಕಿಯನ್ನು ಪಡೆಯುವುದು ಸುಲಭ. ಆ ಬಲದಲ್ಲಿ ಸಣ್ಣ ಗ್ರೈನ್‌ಗಳ (ಲೋಹದೊಳಗಿನ ಸೂಕ್ಷ್ಮ ಹರಳುಗಳ) ಪಾಲೆಷ್ಟು, ತವರದ ಸಂಯುಕ್ತದ ಕಣಗಳ ಪಾಲೆಷ್ಟು, ಹರಳುಗಳು ಒಂದೇ ದಿಕ್ಕಿಗೆ ಸಾಲುಗೊಂಡಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದೇ ಕಷ್ಟದ ಕೆಲಸ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ಎಲ್ಲ ಶ್ರೇಯವೂ ಸಾಮಾನ್ಯವಾಗಿ ಗ್ರೈನ್ ಗಾತ್ರಕ್ಕೇ ಸಲ್ಲುತ್ತದೆ. ಇದು ಅವಸರದ ತೀರ್ಮಾನ.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳಬೇಕು. ತವರವು ಘನ ಮೆಗ್ನೀಷಿಯಂನಲ್ಲಿ 561 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕದ ಶೇ 14.85ರಷ್ಟು ಕರಗುತ್ತದೆ, 200 ಡಿಗ್ರಿಗೆ ಇಳಿದಾಗ ಶೇ 0.45ರಷ್ಟು ಮಾತ್ರ ಉಳಿಯುತ್ತದೆ. ಹೊರಬಿದ್ದ ತವರವು ಎರಡು ಮೆಗ್ನೀಷಿಯಂ ಪರಮಾಣುಗಳಿಗೆ ಒಂದು ತವರದ ಪರಮಾಣುವಿರುವ ಗಟ್ಟಿ ಸಂಯುಕ್ತವಾಗುತ್ತದೆ. ಈ ಸಂಯುಕ್ತದ ತೂಕದಲ್ಲಿ ಸುಮಾರು ಶೇ 71 ತವರವೇ. ಹೀಗಾಗಿ ಶೇ 8 ತವರವಿರುವ ಸರಳಿನಲ್ಲಿ, ಹೊರಬೀಳಬೇಕಾದದ್ದೆಲ್ಲ ಬಿದ್ದರೆ, ನೂರು ಗ್ರಾಂಗೆ ಸುಮಾರು 11 ಗ್ರಾಂ ಸಂಯುಕ್ತವಿರುತ್ತದೆ. ಅದರ ಸಾಂದ್ರತೆ ಮೆಗ್ನೀಷಿಯಂನ ಎರಡು ಪಟ್ಟಿಗೂ ಹೆಚ್ಚಾದ್ದರಿಂದ ಘನಅಳತೆಯಲ್ಲಿ ಶೇ 5.5ರಷ್ಟು ಮಾತ್ರ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅಳೆದ ಪಾಲು ಇದಕ್ಕಿಂತ ಬಹಳ ಕಡಿಮೆ ಬಂದರೆ ಉಳಿದ ತವರ ಇನ್ನೂ ಕರಗಿದ ಸ್ಥಿತಿಯಲ್ಲಿದೆ, ಇಲ್ಲವೇ ಕಣಗಳು ಕಣ್ಣಿಗೆ ನಿಲುಕದಷ್ಟು ಸಣ್ಣವು. ಬಹಳ ಹೆಚ್ಚು ಬಂದರೆ ಎಚಿಂಗ್ (ಗ್ರೈನ್‌ಗಳು ಕಾಣುವಂತೆ ಆಮ್ಲದಿಂದ ಮೇಲ್ಮೈ ಕೊರೆಯುವುದು) ಅತಿಯಾಗಿದೆ ಎಂದು ಮೊದಲು ಶಂಕಿಸಬೇಕು.

ಎಕ್ಸ್‌ಟ್ರೂಷನ್‌ನ ವಿವರಗಳನ್ನು ಮಾದರಿಯ ಜೊತೆಯಲ್ಲೇ ಬರೆದಿಡಬೇಕು. 80 ಮಿ.ಮೀ. ವ್ಯಾಸದ ಕಂಟೇನರ್‌ನಿಂದ 16 ಮಿ.ಮೀ. ಸರಳು ಹೊರಬಂದಿದ್ದರೆ ಅಡ್ಡಛೇದದ ವಿಸ್ತೀರ್ಣಗಳ ಅನುಪಾತ 25. ಬಿಲ್ಲೆಟ್‌ನ (ಒತ್ತಲು ಇಟ್ಟ ಲೋಹದ ದಿಂಡಿನ) ಉಷ್ಣತೆಯೊಂದನ್ನೇ ಬರೆದರೆ ಸಾಲದು, ಏಕೆಂದರೆ ವೇಗ ಹೆಚ್ಚಿದಂತೆ ಡೈ ಬಾಯಿಯಲ್ಲಿ ಲೋಹ ಇನ್ನಷ್ಟು ಬಿಸಿಯಾಗುತ್ತದೆ. ಮೆಗ್ನೀಷಿಯಂ-ಅಲ್ಯೂಮಿನಿಯಂ ಜೋಡಿಯಲ್ಲಿ 437 ಡಿಗ್ರಿಗೇ ಕರಗುವ ಭಾಗ ಉಳಿದಿರಬಹುದಾದ್ದರಿಂದ ವೇಗ ಹೆಚ್ಚಿಸಿದರೆ ಮೇಲ್ಮೈ ಸೀಳುವ ಭಯವಿದೆ. ತವರದ ಜೋಡಿಯಲ್ಲಿ ಆ ಮಿತಿ 561 ಡಿಗ್ರಿ, ಮತ್ತು ಈ ಮಿಶ್ರಲೋಹದ ಮೇಲಿನ ಆಸಕ್ತಿಗೆ ಅದೊಂದು ಮುಖ್ಯ ಕಾರಣ.

ಸರಳನ್ನು ಪೀಣ್ಯದ ಲೇತ್ ಅಂಗಡಿಗೆ ಕೊಡುವಾಗ ಇದು ಮೆಗ್ನೀಷಿಯಂ ಎಂದು ಬಾಯಿಬಿಟ್ಟು ಹೇಳಿ. ನೋಡಲು ಅಲ್ಯೂಮಿನಿಯಂನಂತೆಯೇ ಇರುವುದರಿಂದ ಯಾರೂ ವಿಶೇಷ ಎಚ್ಚರ ವಹಿಸುವುದಿಲ್ಲ. ಸಣ್ಣ ತುರಿಗೆ ಬೆಂಕಿ ತಗುಲಿದರೆ ನೀರನ್ನಾಗಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನಾಗಲಿ ಬಳಸಬಾರದು, ಒಣ ಮರಳೇ ಬೇಕು.

ಸರಳಿನ ಉದ್ದಕ್ಕೊಂದು, ಅಡ್ಡಕ್ಕೊಂದು ಮಾದರಿ ಕತ್ತರಿಸಿ. ಕೊನೆಯ ಹಂತದ ಪಾಲಿಶ್‌ಗೆ ನೀರಿನ ಬದಲು ಎಥನಾಲ್ ಬಳಸಿ, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ. ಜೂನ್ ನಂತರದ ತೇವದ ದಿನಗಳಲ್ಲಿ ಹೊಳಪು ಬೇಗ ಮಾಸುವುದರಿಂದ ಅದೇ ದಿನ ಚಿತ್ರ ತೆಗೆಯುವುದು ಲೇಸು. ಎಚಿಂಗ್‌ಗೆ 4.2 ಗ್ರಾಂ ಪಿಕ್ರಿಕ್ ಆಮ್ಲ, ಅಸಿಟಿಕ್ ಆಮ್ಲ ಮತ್ತು ನೀರು ತಲಾ 10 ಮಿ.ಲೀ., ಎಥನಾಲ್ 70 ಮಿ.ಲೀ. ಎಂಬ ಪ್ರಮಾಣ ಚಾಲ್ತಿಯಲ್ಲಿದೆ. ಒಣಗಿದ ಪಿಕ್ರಿಕ್ ಆಮ್ಲ ಸ್ಫೋಟಕ. ಬಾಟಲಿಯ ಮುಚ್ಚಳದ ಸುತ್ತ ಹಳದಿ ಪುಡಿ ಕಟ್ಟಿದ್ದರೆ ಅದನ್ನು ತಿರುಗಿಸಲು ಹೋಗದೆ ಪ್ರಯೋಗಾಲಯದ ಹೊಣೆಗಾರರಿಗೆ ತಿಳಿಸಿ.

ಉದ್ದದ ಛೇದದಲ್ಲಿ ಎರಡು ಬಗೆಯ ಗ್ರೈನ್‌ಗಳು ಕಾಣಬಹುದು: ಬಿಸಿಯಲ್ಲಿ ಹೊಸದಾಗಿ ಹುಟ್ಟಿದ ಸಣ್ಣ ಗುಂಡನೆಯವು, ಮತ್ತು ಹಾಗೆ ಹೊಸದಾಗಿ ರೂಪುಗೊಳ್ಳದೆ ಉಳಿದು ಸರಳಿನ ದಿಕ್ಕಿಗೆ ಎಳೆದುಕೊಂಡ ಹಳೆಯವು. ಎರಡನ್ನೂ ಸೇರಿಸಿ ಸರಾಸರಿ ತೆಗೆಯುವುದು ಅರ್ಥಹೀನ. ಹೊಸ ಗ್ರೈನ್‌ಗಳ ಗಾತ್ರವನ್ನೂ ಅವು ಆವರಿಸಿದ ಪಾಲನ್ನೂ ಬೇರೆಬೇರೆಯಾಗಿ ಅಳೆಯಿರಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬ್ಯಾಕ್‌ಸ್ಕ್ಯಾಟರ್ ಚಿತ್ರದಲ್ಲಿ ತವರದ ಕಣಗಳು ಬಿಳಿಯಾಗಿ ಎದ್ದು ಕಾಣುತ್ತವೆ, ಅವು ಗ್ರೈನ್ ಗಡಿಗಳ ಮೇಲೆ ಕುಳಿತು ಬೆಳವಣಿಗೆಯನ್ನು ತಡೆದಿವೆಯೇ ಎಂದು ಅಲ್ಲಿ ನೋಡಬೇಕು.

ಈಗ ಬಲದ ಪಾಲು. ಗ್ರೈನ್ ಗಾತ್ರದ ವರ್ಗಮೂಲದ ವಿಲೋಮಕ್ಕೆ ತಕ್ಕಂತೆ ಬಲ ಏರುತ್ತದೆ ಎನ್ನುವ ಹಾಲ್-ಪೆಚ್ ಸೂತ್ರದ ಸ್ಥಿರಾಂಕವನ್ನು 250 ಎಂದು ಇಟ್ಟುಕೊಂಡರೆ (ಗ್ರೈನ್ ಗಾತ್ರ ಮೈಕ್ರೋಮೀಟರ್‌ನಲ್ಲಿ, ಬಲ ಮೆಗಾಪಾಸ್ಕಲ್‌ನಲ್ಲಿ), ಗ್ರೈನ್ 25ರಿಂದ 4 ಮೈಕ್ರೋಮೀಟರ್‌ಗೆ ಇಳಿದಾಗ ಸಿಗುವ ಏರಿಕೆ 75 ಮೆಗಾಪಾಸ್ಕಲ್. ಅಳತೆಯಲ್ಲಿ ಇದಕ್ಕಿಂತ ಹೆಚ್ಚು ಏರಿದ್ದರೆ ಉಳಿದದ್ದನ್ನು ಕಣಗಳಲ್ಲಿ, ಹಳೆಯ ಗ್ರೈನ್‌ಗಳಲ್ಲಿ ಹುಡುಕಬೇಕು. ಕಣಗಳಿಂದ ಅತಿಯಾಗಿ ನಿರೀಕ್ಷಿಸುವುದೂ ಸರಿಯಲ್ಲ. ಬರೀ ತವರವಿದ್ದಾಗ ಅವು ಮೆಗ್ನೀಷಿಯಂನ ತಳಪದರಕ್ಕೆ (ಹರಳಿನಲ್ಲಿ ಪರಮಾಣುಗಳು ಅತಿ ದಟ್ಟವಾಗಿರುವ ಪದರ) ಸಮಾನಾಂತರವಾಗಿ ಪಟ್ಟಿಯಂತೆ ಮಲಗುವುದರಿಂದ, ಅದೇ ಪದರದಲ್ಲಿ ನಡೆಯುವ ಜಾರುವಿಕೆಗೆ ಹೆಚ್ಚು ಅಡ್ಡಿಯಾಗುವುದಿಲ್ಲ. ಸ್ವಲ್ಪ ಸತುವು ಸೇರಿಸಿದರೆ ಕಣಗಳು ಸಣ್ಣದಾಗಿ, ದಟ್ಟವಾಗಿ ಹುಟ್ಟುತ್ತವೆ.

ಎಳೆತದ ಪರೀಕ್ಷೆಗೇ ನಿಲ್ಲದೆ, ಅದೇ ಸರಳಿನಿಂದ ಉದ್ದವು ವ್ಯಾಸದ ಒಂದೂವರೆಯಿಂದ ಎರಡು ಪಟ್ಟಿರುವ ತುಂಡುಗಳನ್ನು ಕತ್ತರಿಸಿ ಒತ್ತಡದ ಪರೀಕ್ಷೆಯನ್ನೂ ಮಾಡಿ. ಉದ್ದಕ್ಕೆ ಒತ್ತಿದಾಗ ಸಾಲುಗೊಂಡ ಹರಳುಗಳಲ್ಲಿ ಟ್ವಿನ್‌ಗಳು (ಹರಳಿನ ಒಂದು ಭಾಗ ಕನ್ನಡಿಯ ಬಿಂಬದಂತೆ ತಿರುಗಿ ನಿಂತ ಪಟ್ಟಿಗಳು) ಸುಲಭವಾಗಿ ಹುಟ್ಟುವುದರಿಂದ ಲೋಹ ಕಡಿಮೆ ಬಲಕ್ಕೇ ಮಣಿಯುತ್ತದೆ, ವಕ್ರರೇಖೆ ಮೊದಲು ಚಪ್ಪಟೆಯಾಗಿ ಸಾಗಿ ಆಮೇಲೆ ಕಡಿದಾಗಿ ಏರುತ್ತದೆ. ಗ್ರೈನ್ ಸಣ್ಣದಾದಷ್ಟೂ ಟ್ವಿನ್‌ಗಳಿಗೆ ಅವಕಾಶ ಕಡಿಮೆ, ಹೀಗಾಗಿ ಎಳೆತದ ಮತ್ತು ಒತ್ತಡದ ಯೀಲ್ಡ್ ಬಲಗಳ (ಲೋಹ ಶಾಶ್ವತವಾಗಿ ಮಣಿಯತೊಡಗುವ ಬಲ) ಅಂತರವೂ ಕಡಿಮೆ. ವರದಿಯಲ್ಲಿ ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲೇ ಕೊಡಬೇಕು. ಮೆಗ್ನೀಷಿಯಂ-ಅಲ್ಯೂಮಿನಿಯಂ-ಸತು ಮಿಶ್ರಲೋಹವಾದ ಎಜೆಡ್31ರೊಂದಿಗೆ ಹೋಲಿಸುವುದಿದ್ದರೆ ಅದೇ ಪ್ರೆಸ್‌ನಲ್ಲಿ, ಅದೇ ಅನುಪಾತ ಮತ್ತು ಉಷ್ಣತೆಯಲ್ಲಿ ತೆಗೆದ ಸರಳನ್ನೇ ಆರಿಸಿಕೊಳ್ಳಬೇಕು.