ಗುಬ್ಬಕ್ಕ, ಬಾಗಿಲು ತೆಗಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸಂಘದ ವಾಚನಾಲಯದಲ್ಲಿ ಚಿಕ್ಕ ಮಕ್ಕಳಿಗೆ ಕನ್ನಡದಲ್ಲಿ ಕತೆ ಹೇಳಲು ನಾನು ಮೊದಲ ಸಲ ಕೂತ ಭಾನುವಾರ ಹದಿನಾಲ್ಕು ಮಕ್ಕಳು ಬಂದಿದ್ದರು. ಎಲ್ಲರೂ ಮೂರರಿಂದ ಐದು ವರ್ಷದವರು. ಹತ್ತು ನಿಮಿಷ ಆಗುವಷ್ಟರಲ್ಲಿ ಒಂಬತ್ತು ಮಕ್ಕಳು ಎದ್ದುಹೋಗಿ, ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಎಳೆದುಕೊಂಡು ಲೋಕಲ್ ಟ್ರೇನ್ ಆಟ ಶುರುಮಾಡಿದ್ದರು. ತಪ್ಪು ಮಕ್ಕಳದಲ್ಲ. ನಾನು ಆರಿಸಿದ್ದು ಪುಟದ ತುಂಬ ಅಕ್ಷರ, ಮೂಲೆಯಲ್ಲೊಂದು ಸಣ್ಣ ಚಿತ್ರ ಇದ್ದ ಪುಸ್ತಕ. ಕೂತದ್ದು ಕಿಟಕಿಗೆ ಬೆನ್ನು ಹಾಕಿ. ಎದುರಿನ ಬೆಳಕಿಗೆ ಮಕ್ಕಳಿಗೆ ನನ್ನ ಮುಖವೂ ಕಾಣುತ್ತಿರಲಿಲ್ಲ, ಚಿತ್ರವೂ ಕಾಣುತ್ತಿರಲಿಲ್ಲ.

ಮುಂದಿನ ವಾರ ಆ ಟ್ರೇನನ್ನೇ ನಾನು ಇಸಿದುಕೊಂಡೆ. ಮೂರು ವರ್ಷದಿಂದ ನಮ್ಮ ಕತೆಯ ಹೊತ್ತು ಶುರುವಾಗುವುದೇ ಹಾಗೆ. ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು ಹಾಲ್‌ಗೆ ಒಂದು ಸುತ್ತು: ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಕೊನೆಯ ಸ್ಟೇಷನ್ನಿನ ಹೆಸರು ‘ಕತೆ’. ಅಲ್ಲಿ ಎಲ್ಲರೂ ಇಳಿದು ಜಮಖಾನದ ಮೇಲೆ ಕೂರುತ್ತಾರೆ. ಕೂತ್ಕೊಳ್ಳಿ, ಸುಮ್ಮನಿರಿ ಎಂದು ಗದರುವ ಪ್ರಸಂಗವೇ ಬರುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ಪ್ರತಿ ವಾರ ಒಂದೇ ಥರ ಶುರುವಾದರೆ ಧೈರ್ಯ. ಅಮ್ಮನ ಸೆರಗು ಬಿಡದ ಮಗು ಕೂಡ ಮೂರನೇ ವಾರಕ್ಕೆ ದಿವಾದಲ್ಲೋ ಮುಂಬ್ರಾದಲ್ಲೋ ಟ್ರೇನ್ ಹತ್ತುತ್ತದೆ.

ಹೊತ್ತು ಬೆಳಗಿನ ಹತ್ತು ಗಂಟೆ, ಅರ್ಧ ತಾಸು ಅಷ್ಟೇ. ಕಲ್ಯಾಣ, ಠಾಕುರ್ಲಿಯಿಂದ ಬರುವವರು ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಭಾನುವಾರ ಲೋಕಲ್ ಟ್ರೇನುಗಳನ್ನು ಕಡಿತಮಾಡುವ ಹೊತ್ತು, ಶುರುವಾಗುವ ಮೊದಲು ಮನೆ ಸೇರಬೇಕು. ಅರ್ಧ ತಾಸಿನಲ್ಲಿ ಎರಡು ಪುಸ್ತಕ, ಒಂದು ಬಾಯಿಕತೆ, ನಡುನಡುವೆ ಕೈಕಾಲು ಆಡಿಸುವ ಆಟ. ಮಳೆ ಆಟವಂತೂ ಪ್ರತಿ ವಾರ ಬೇಕೇ ಬೇಕು. ಮೊದಲು ಅಂಗೈ ಉಜ್ಜುವುದು, ಆಮೇಲೆ ಒಂದು ಬೆರಳಿಂದ ಅಂಗೈ ಮೇಲೆ ಟಪ್ ಟಪ್, ಎರಡು ಬೆರಳು, ನಾಲ್ಕು ಬೆರಳು, ಕೊನೆಗೆ ತೊಡೆ ತಟ್ಟಿ ಜಡಿಮಳೆ. ಮತ್ತೆ ಹಾಗೇ ಒಂದು ಬೆರಳಿಗೆ ಇಳಿದರೆ ಹಾಲ್ ತಾನಾಗಿ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದದಲ್ಲಿ ಪುಸ್ತಕ ತೆರೆಯುತ್ತೇನೆ.

ಪುಸ್ತಕದ್ದು ಮೊದಲು ದೊಡ್ಡ ತೊಂದರೆಯಾಗಿತ್ತು. ಮುಂಬಯಿಯಲ್ಲಿ ಕೂತು ಪುಟ್ಟ ಮಕ್ಕಳ ಕನ್ನಡ ಚಿತ್ರಪುಸ್ತಕ ಬೇಕೆಂದರೆ ಊರಿಗೆ ಹೋಗುವವರ ಕೈಯಲ್ಲಿ ಚೀಟಿ ಕಳಿಸಬೇಕು. ಆಗ ಕೈ ಹಿಡಿದದ್ದು ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣ. ಅಲ್ಲಿನ ಕನ್ನಡ ಪುಸ್ತಕಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚುವುದಕ್ಕೂ ಅನುಮತಿ ಇದೆ. ಮೊದಲ ಹಂತದ ಪುಸ್ತಕಗಳಲ್ಲಿ 250ಕ್ಕಿಂತ ಕಡಿಮೆ ಪದ, ನಮ್ಮ ಮಕ್ಕಳಿಗೆ ಅದು ಸರಿಹೋಗುತ್ತದೆ. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯ ಮೇಲೆ ಬಣ್ಣದಲ್ಲಿ ತೆಗೆಸಿ ಸ್ಪೈರಲ್ ಹಾಕಿಸುತ್ತೇನೆ. ಹಿಂದಿನ ಸಾಲಿನ ಮಗುವಿಗೂ ಇರುವೆಯ ಕಾಲು ಕಾಣಬೇಕು.

ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದದೆ ಯಾವ ಪುಸ್ತಕವನ್ನೂ ತರುವುದಿಲ್ಲ. ಸಾಲುಗಳು ಬಾಯಿಗೆ ಬಂದಿದ್ದರೆ ಕಣ್ಣು ಪುಟದ ಮೇಲಿರಬೇಕಾಗಿಲ್ಲ, ಮಕ್ಕಳ ಮೇಲಿರಬಹುದು. ಪುಸ್ತಕವನ್ನು ಕೆನ್ನೆಯ ಪಕ್ಕದಲ್ಲಿ, ಕೆಳಗಿನಿಂದ ಒಂದೇ ಕೈಯಲ್ಲಿ ಹಿಡಿಯುತ್ತೇನೆ. ಪುಟ ತಿರುಗಿಸುವ ಮೊದಲು ‘ಈಗೇನಾಗತ್ತೆ?’ ಎಂದು ಕೇಳಿ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಆ ಐದು ಎಣಿಕೆ ಕಲಿಯಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ದೊಡ್ಡವರಿಗೆ ಸುಮ್ಮನಿರುವುದು ಕಷ್ಟ, ಉತ್ತರ ನಾವೇ ಹೇಳಿಬಿಡುತ್ತೇವೆ. ಹೀಗೆ ಮಗುವನ್ನು ಮಾತಾಡಿಸುತ್ತ ಓದಿದರೆ ಏನಾಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಹೌದು-ಅಲ್ಲ ಎಂಬ ಉತ್ತರಕ್ಕೆ ಮುಗಿಯದ ಪ್ರಶ್ನೆ ಕೇಳಿ, ಮಗು ಹೇಳಿದ್ದನ್ನು ಸ್ವಲ್ಪ ಬೆಳೆಸಿ ಅದಕ್ಕೇ ಮರಳಿ ಕೊಡುವ ಹಾಗೆ ಅಪ್ಪ ಅಮ್ಮಂದಿರಿಗೆ ಕಲಿಸಿದಾಗ, ಒಂದೇ ತಿಂಗಳಲ್ಲಿ ಮಕ್ಕಳ ಮಾತು ಮುಂದೆ ಹೋಗಿತ್ತು.

ಈ ಮರಳಿ ಕೊಡುವುದು ನಮ್ಮಂಥ ಕಡೆ ಇನ್ನೂ ಮುಖ್ಯ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಮಾತು ತುಳು, ಉಳಿದವರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಬಾಲವಾಡಿಯಲ್ಲಿ ಮರಾಠಿ, ಬಿಲ್ಡಿಂಗಿನ ಕೆಳಗೆ ಆಡುವಾಗ ಹಿಂದಿ. ಕಾಗೆಯ ಚಿತ್ರ ತೋರಿಸಿ ‘ಯಾರಿದು?’ ಅಂದರೆ ಒಂದು ಮೂಲೆಯಿಂದ ‘ಕಕ್ಕೆ’, ಇನ್ನೊಂದರಿಂದ ‘ಕಾವಳಾ’, ಆಮೇಲೆ ‘ಕೌವಾ’, ‘ಕ್ರೋ’. ಮೊದಮೊದಲು ‘ಕನ್ನಡದಲ್ಲಿ ಹೇಳು ಪುಟ್ಟಾ’ ಅನ್ನುತ್ತಿದ್ದೆ. ಹಾಗಂದ ಮೇಲೆ ಆ ಮಗು ಅವತ್ತಿಡೀ ಬಾಯಿ ಬಿಡುತ್ತಿರಲಿಲ್ಲ. ಅದನ್ನು ಪೂರ್ತಿ ಬಿಟ್ಟೆ. ಈಗ ‘ಹೌದಲ್ಲ, ಕಕ್ಕೆ! ಕಪ್ಪು ಕಾಗೆ! ಕಾಗಕ್ಕ ಎಲ್ಲಿ ಕೂತಿದ್ದಾಳೆ?’ ಎನ್ನುತ್ತೇನೆ. ಯಾವ ಭಾಷೆಯಲ್ಲಿ ಬಂದರೂ ಉತ್ತರ ಉತ್ತರವೇ. ಕಾಗೆ ಎಂಬ ಮಾತನ್ನು ಅವರು ನನ್ನ ಬಾಯಿಂದ ಹತ್ತು ಸಲ ಕೇಳಿಸಿಕೊಂಡರೆ ಹನ್ನೊಂದನೇ ಸಲ ತಾವೇ ಅನ್ನುತ್ತಾರೆ.

ಬಾಯಿಕತೆ ಅಂದರೆ ನಮ್ಮಲ್ಲಿ ಕಾಗಕ್ಕ ಗುಬ್ಬಕ್ಕನದೇ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆಗೆ ಸಗಣಿ ಮನೆ ಕರಗಿ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ನಾನು ಹಾಗೆ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ‘ಅಲ್ಲ ಆಂಟಿ, ಮೇಣದ್ದು!’ ಅಂದ. ಮರಾಠಿಯಲ್ಲಿ ಕಾಗೆಯದು ‘ಶೇಣ’ದ, ಅಂದರೆ ಸಗಣಿಯ ಮನೆ, ಗುಬ್ಬಿಯದು ‘ಮೇಣ’ದ ಮನೆ, ಪ್ರಾಸ ಕೂಡುತ್ತದೆ. ಮೇಣ ನಮಗೂ ಮೇಣವೇ. ಕಲ್ಲೋ ಮೇಣವೋ ಎಂದು ದೊಡ್ಡ ಜಗಳವಾಯಿತು. ಮುಂದಿನ ವಾರ ಪೂಜಾ ಸಾಮಾನಿನ ಅಂಗಡಿಯಿಂದ ಬೆರಣಿ ತಂದು, ನೆನೆಸಿ, ಗೂಡಿನ ಹಾಗೆ ತಟ್ಟಿಕೊಂಡು ಹೋದೆ. ಪರಾತದಲ್ಲಿ ಅದು, ಪಕ್ಕದಲ್ಲಿ ಮೇಣದಬತ್ತಿಯ ಗಟ್ಟಿ, ಒಂದು ಕಲ್ಲು. ಒಬ್ಬೊಬ್ಬರೂ ಒಂದೊಂದು ಲೋಟ ಮಳೆ ಸುರಿದರು. ಸಗಣಿ ಕದಡಿ ಹರಿಯಿತು, ಮಿಕ್ಕೆರಡೂ ಹಾಗೇ ನಿಂತವು. ‘ದೋನೋ ಪಕ್ಕಾ’ ಅಂತ ಹುಡುಗ ತೀರ್ಪು ಕೊಟ್ಟ. ಆ ಹೊತ್ತಿನಿಂದ ನಮ್ಮ ಗುಬ್ಬಕ್ಕನದು ಕಲ್ಲಿನ ಗೋಡೆ, ಮೇಣದ ಸೂರು.

ಈ ಕತೆಯ ಜೀವ ಇರುವುದು ಬಾಗಿಲಲ್ಲಿ. ನಾನು ಕಪಾಟಿನ ಮೇಲೆ ಟಕ್ ಟಕ್ ಅನ್ನುತ್ತೇನೆ, ಮಕ್ಕಳು ‘ಗುಬ್ಬಕ್ಕ, ಬಾಗಿಲು ತೆಗಿ!’ ಎನ್ನುತ್ತಾರೆ. ಹಿಂದೆ ಕೂತ ಅಮ್ಮಂದಿರು, ಅಜ್ಜಂದಿರು ಗುಬ್ಬಕ್ಕ: ‘ಇರು, ಮಗೂಗೆ ನೀರು ಹಾಕ್ತಿದ್ದೀನಿ.’ ಮತ್ತೆ ಟಕ್ ಟಕ್. ‘ಇರು, ಮಗೂಗೆ ಅಂಗಿ ಹಾಕ್ತಿದ್ದೀನಿ.’ ದೊಡ್ಡವರಿಗೆ ಈ ಪಾಲು ಕೊಟ್ಟ ದಿನದಿಂದ ಅವರ ಮೊಬೈಲುಗಳು ಚೀಲ ಸೇರಿದವು. ಒಂದೇ ಮಾತು ಮತ್ತೆ ಮತ್ತೆ ಬರುವ ಕತೆಯಲ್ಲಿ ಕನ್ನಡ ಬಾರದ ಮಗುವಿಗೂ ಮೂರನೇ ಸಲಕ್ಕೆ ಒಂದು ಪೂರ್ತಿ ವಾಕ್ಯ ಬಾಯಿಗೆ ಬಂದಿರುತ್ತದೆ.

ನಮ್ಮಜ್ಜಿ ಹೇಳುತ್ತಿದ್ದ ಕತೆಯ ಕೊನೆಯಲ್ಲಿ ಕಾಗಕ್ಕನಿಗೆ ಬಿಸಿ ಬರೆ ಬೀಳುತ್ತಿತ್ತು. ನಾನೂ ಹಾಗೇ ಹೇಳುತ್ತಿದ್ದೆ. ಒಂದು ಜುಲೈ ತಿಂಗಳಲ್ಲಿ, ಇನ್ನೂ ಎರಡನೇ ಸಲ ಬಾಗಿಲು ಬಡಿಯುತ್ತಿದ್ದಾಗ, ನಾಲ್ಕು ವರ್ಷದ ಹುಡುಗಿಯೊಬ್ಬಳು ನನ್ನ ಮೊಣಕಾಲು ಹಿಡಿದು, ‘ನಮ್ಮನೇಲೂ ನೀರು ಬಂತು. ಬಾಜೂ ಆಂಟಿ ಬೇಗ ತೆಗ್ದ್ರು’ ಅಂದಳು. ಹಳೇ ಬಿಲ್ಡಿಂಗು, ಸೂರು ಸೋರಿ ಎರಡು ರಾತ್ರಿ ಪಕ್ಕದವರ ಮನೆಯಲ್ಲಿ ಮಲಗಿದ್ದರಂತೆ. ಅವಳೆದುರು ಬರೆ ಹಾಕುವುದು ನನ್ನಿಂದಾಗಲಿಲ್ಲ. ‘ಹಾಗಾದ್ರೆ ಗುಬ್ಬಕ್ಕ ಯಾವಾಗ ತೆಗೀಬೇಕು?’ ಎಂದು ಎಲ್ಲರನ್ನೂ ಕೇಳಿದೆ.

ಹಳೆಯ ಕತೆಯನ್ನು ತಿದ್ದಬಾರದು ಎಂದು ಹಿರಿಯರೊಬ್ಬರು ಬೇಸರಪಟ್ಟರು. ಅವರ ಮಾತನ್ನು ನಾನು ತಳ್ಳಿಹಾಕಿಲ್ಲ. ಏಳೆಂಟು ವರ್ಷದವರು ಬಂದ ದಿನ ಅಜ್ಜಿಯ ಕತೆಯನ್ನು ಇದ್ದ ಹಾಗೇ ಹೇಳುತ್ತೇನೆ. ಪುಟಾಣಿಗಳ ಕತೆಯನ್ನು ಮಾತ್ರ ಅವರಿಗೇ ಬಿಟ್ಟಿದ್ದೇನೆ, ಕೊನೆಯಲ್ಲಿ ‘ನೀತಿ ಏನು?’ ಎಂದೂ ಕೇಳುವುದಿಲ್ಲ. ಒಮ್ಮೊಮ್ಮೆ ಮೊದಲ ಟಕ್ ಟಕ್‌ಗೇ ಬಾಗಿಲು ತೆಗೆದುಬಿಡುತ್ತಾರೆ, ಕತೆ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಆಗ ಮೊದಲಿನಿಂದ ಇನ್ನೊಂದು ಸಲ. ಹೋದ ಭಾನುವಾರ ನೀರು, ಅಂಗಿ, ಕಾಡಿಗೆ ಎಲ್ಲ ಮುಗಿಸಿ ನಾಲ್ಕನೇ ಸಲಕ್ಕೆ ತೆಗೆದರು. ಒಳಗೆ ಬಂದ ಕಾಗಕ್ಕ, ಅಂದರೆ ನನ್ನ ಕೈಯಲ್ಲಿದ್ದ ಕರೀ ಕಾಲ್ಚೀಲದ ಬೊಂಬೆ, ಚಳಿಗೆ ನಡುಗುತ್ತಿತ್ತು. ಎದುರು ಸಾಲಿನ ಹುಡುಗ ಅಂಗಿಗೆ ಪಿನ್ ಹಾಕಿದ್ದ ಕರವಸ್ತ್ರ ಬಿಚ್ಚಿಕೊಡೆಂದು ಅಮ್ಮನ ಹತ್ತಿರ ಓಡಿದ.