ಗೀಸರ್ ತಪ್ಪಲ್ಲ ಅಂತ ತೋರಿಸಿದ ಇಸ್ತ್ರಿ ಪೆಟ್ಟಿಗೆ

ಬೀದರ್‌ನಲ್ಲಿ ದೀಪಾವಳಿ ಮುಗಿದು ಚಳಿ ಬಿತ್ತು ಅಂದರೆ ನನಗೆ ಗೀಸರ್ ಕೆಲಸ ಶುರು. ಉಳಿದ ದಿನ ಮೋಟರ್, ವೈರಿಂಗ್. ಮೂರು ಚಳಿಗಾಲದ ಹಿಂದಿನವರೆಗೂ ನಾನು ಎಲ್ಲರ ಹಾಗೇ ಮಾಡುತ್ತಿದ್ದೆ. ಗೀಸರ್ ಹಾಕಿದರೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಬೀಳುತ್ತದಾ? ನೀರು ಕಾಯಿಸುವ ಎಲಿಮೆಂಟ್ ಹೋಗಿದೆ, ಬದಲಿಸು, ಮುಂದೆ ನಡಿ. ಹತ್ತರಲ್ಲಿ ಆರೇಳು ಸಲ ಅದು ಸರಿಯೂ ಆಗುತ್ತಿತ್ತು. ನಮ್ಮ ಬೋರ್ ನೀರು ಗೊತ್ತಲ್ವಾ, ಎರಡು ವರ್ಷಕ್ಕೆ ಎಲಿಮೆಂಟ್ ಮೇಲೆ ಸುಣ್ಣ ದಪ್ಪಗೆ ಕೂತಿರುತ್ತದೆ. ನನ್ನ ರೊಕ್ಕ ತಿಂದದ್ದು ಉಳಿದ ಮೂರು ಸಲದ ಕೆಲಸ.

ಮೈಲೂರಿನ ಒಂದು ಮನೆ. ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂದವರು, ಜೊತೆಗೆ ಹಳೇ ಗೀಸರ್ ತಂದಿದ್ದರು. 15 ಲೀಟರ್, 2 ಕಿಲೋವ್ಯಾಟ್. ಸ್ವಿಚ್ ಒತ್ತಿದ ಕ್ಷಣಕ್ಕೆ 30 ಮಿಲಿಆಂಪ್ ಆರ್‌ಸಿಸಿಬಿ ಪಟ್ ಅಂತ ಬೀಳುತ್ತಿತ್ತು. ಎಲಿಮೆಂಟ್ ಬದಲಿಸಿದೆ, ಏಳೆಂಟು ನೂರು. ಬಿತ್ತು. ಥರ್ಮೋಸ್ಟಾಟ್, ಇನ್ನೊಂದು ನಾಲ್ಕು ನೂರು. ಬಿತ್ತು. ಅಂಗಡಿಯಲ್ಲಿದ್ದ ಬೇರೆ ಗೀಸರ್ ತಂದು ಹಾಕಿದೆ. ಅದಕ್ಕೂ ಬಿತ್ತು. ಹಾಗಾದರೆ ಆರ್‌ಸಿಸಿಬಿಯೇ ಕೆಟ್ಟಿದೆ ಅಂದುಕೊಂಡು ಸಾವಿರದ ಎಂಟು ನೂರರ ಹೊಸದು ಕೂಡಿಸಿದೆ. ಅದೂ ಬಿತ್ತು. ಸರಿಯಾಗದ ಕೆಲಸಕ್ಕೆ ಬಿಲ್ ಹೇಗೆ ಮಾಡೋದು? ಸುಮಾರು ಮೂರು ಸಾವಿರ ನನ್ನ ಕೈಯಿಂದಲೇ ಹೋಯಿತು.

ನಾನು ಕೆಲಸ ಕಲಿತ ಉಸ್ತಾದರಿಗೆ ಫೋನ್ ಮಾಡಿದೆ. "ಯಾಕ ತಲಿ ಕೆಡಿಸ್ಕೊಳ್ತಿ? ಆರ್‌ಸಿಸಿಬಿ ತೆಗ್ದು ಒಗಿ, ಡೈರೆಕ್ಟ್ ಕೊಡು, ಗೀಸರ್ ನಡೀತದ" ಅಂದರು. ಅವರ ಮೇಲೆ ನನಗೆ ಗೌರವ ಇದೆ, ಆದರೆ ಈ ಮಾತು ನಾನು ಕೇಳಲಿಲ್ಲ. ಆ ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಒದ್ದೆ ಮೈಯಲ್ಲಿ ನಲ್ಲಿ ಹಿಡಿಯುವವರ ಜೀವ ಆ ಡಬ್ಬಿಯ ಮೇಲೆ ನಿಂತಿರುತ್ತದೆ. ಡೈರೆಕ್ಟ್ ಕೊಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ದಾರಿ ಸಿಕ್ಕಿದ್ದು ಚಹಾ ಕುಡಿಯುವಾಗ. ಮನೆಯ ಅಕ್ಕಾರು ಎರಡು ಮಾತು ಹೇಳಿದರು. ರಾತ್ರಿ ಒಮ್ಮೊಮ್ಮೆ ಫ್ರಿಜ್ ಚಾಲೂ ಆಗುವಾಗಲೂ ಬೀಳುತ್ತದೆ. ದಸರಾ ಮುಂದೆ ಅರ್ತಿಂಗ್ ಗುಂಡಿ ಹೊಸದಾಗಿ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದ ಮೇಲೆ ಇದು ಜಾಸ್ತಿ ಆಯಿತು. ಅರ್ತಿಂಗ್ ಚಲೋ ಆದ ಮೇಲೆ ತೊಂದರೆ ಹೆಚ್ಚಾಯಿತು ಅಂದರೆ ಏನು? ಚಹಾ ಅಲ್ಲೇ ಬಿಟ್ಟು ಎದ್ದೆ.

"ಮನ್ಯಾಗ ಇಸ್ತ್ರಿ ಪೆಟ್ಟಿಗಿ ಅದ ಏನ್ರೀ?" ಅಂತ ಕೇಳಿದೆ. ಇರಲಿಲ್ಲ, ಬಟ್ಟೆ ಹೊರಗೆ ಕೊಡುತ್ತಿದ್ದರು. ನಮ್ಮ ಮನೆಯ ಸಾವಿರ ವ್ಯಾಟಿನ ಪೆಟ್ಟಿಗೆ ತಂದೆ. ಗೀಸರ್ ಪ್ಲಗ್ ಪೂರಾ ಕಿತ್ತು, ಪೆಟ್ಟಿಗೆಯನ್ನು ಹಾಲ್‌ನಲ್ಲಿ ಚುಚ್ಚಿ ಸ್ವಿಚ್ ಹಾಕಿದೆ. ಬಿತ್ತು! ಗೀಸರ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಎಲ್ಲೋ ಅರ್ತ್‌ಗೆ ತಾಗಿತ್ತು. ವಾಪಸ್ ಹೋಗುವ ಕರೆಂಟಿನ ಒಂದು ಪಾಲು ಅರ್ತ್ ಕಡೆ ಸೋರುತ್ತಿತ್ತು. ಲೈಟು, ಫ್ಯಾನಿಗೆ ಅರ್ಧ ಆಂಪ್ ಹರಿದರೆ ಅರ್ತ್ ಕಡೆ ಸೋರುವುದು 30 ಮಿಲಿಆಂಪ್ ಮುಟ್ಟುವುದಿಲ್ಲ, ಆರ್‌ಸಿಸಿಬಿ ಸುಮ್ನೆ ಇರುತ್ತದೆ. ಗೀಸರ್‌ನ ಎಂಟೊಂಬತ್ತು ಆಂಪ್ ಎಳೆದ ಕೂಡಲೇ ಸೋರುವ ಪಾಲೂ ಅಷ್ಟೇ ಪಟ್ಟು ಏರುತ್ತದೆ. ಅರ್ತಿಂಗ್ ಚಲೋ ಇದ್ದಷ್ಟೂ ಆ ದಾರಿ ಸಲೀಸು. ಅಕ್ಕಾರ ಮಾತಿನ ಗುಟ್ಟು ಅದು.

ಮೇನ್ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತು, ನ್ಯೂಟ್ರಲ್ ಬಾರ್‌ನಿಂದ ಒಂದೊಂದೇ ವೈರ್ ಬಿಚ್ಚಿ, ವೈರಿಗೂ ಅರ್ತ್‌ಗೂ ನಡುವೆ 500 ವೋಲ್ಟ್ ಕೈ ಮೆಗ್ಗರ್ (ಸೋರಿಕೆ ಅಳೆಯುವ ಮೀಟರ್) ತಿರುಗಿಸಿದೆ. ಒಂದು ವೈರಿಗೆ ಮುಳ್ಳು ಸೊನ್ನೆಗೆ ಮಲಗಿತು, ಅಂದರೆ ಅರ್ತ್‌ಗೆ ತಾಗಿದ್ದು ಅದೇ. ಆ ಲೈನಿನಲ್ಲಿ ಏಳು ಬಾಕ್ಸ್. ಏಳನ್ನೂ ಬಿಚ್ಚದೆ ಸರಿಯಾದ ಬಾಕ್ಸಿಗೆ ಹೋಗುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಸಿಕ್ಕಿದ್ದು ಬಚ್ಚಲು ಮನೆಯ ಹೊರಗಿನ, ಅರ್ತ್ ಕೊಟ್ಟ ಕಬ್ಬಿಣದ ಬಾಕ್ಸಿನಲ್ಲಿ. ಪ್ಲೇಟಿನ ಸ್ಕ್ರೂ ಉದ್ದ ಆಗಿ ಅದರ ತುದಿ ಕಪ್ಪು ನ್ಯೂಟ್ರಲ್ ವೈರಿನ ಹೊಟ್ಟೆ ಕಚ್ಚಿತ್ತು. ಸಾಸಿವೆ ಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು, ಸುತ್ತ ಸಣ್ಣ ಕರಿ ಕಲೆ. ಆ ತುಂಡು ವೈರ್ ಬದಲಿಸಿ ಗಿಡ್ಡ ಸ್ಕ್ರೂ ಹಾಕಿದೆ. ಖರ್ಚು ಇಪ್ಪತ್ತು ರೂಪಾಯಿಯೂ ಅಲ್ಲ.

ಅಂದಿನಿಂದ ಅಳತೆ ಮಾಡದೆ ನಾನು ಪಾರ್ಟ್ ಬದಲಿಸುವುದಿಲ್ಲ. 2 ಕಿಲೋವ್ಯಾಟಿನ ಎಲಿಮೆಂಟ್ 26 ಓಮ್ ಆಸುಪಾಸು, 3 ಕಿಲೋವ್ಯಾಟಿನದು ಹದಿನೇಳು ಹದಿನೆಂಟು. ಅದು ಸರಿ ಇದ್ದರೆ ಸಾಲದು, ಎಲಿಮೆಂಟಿಗೂ ಅದರ ಲೋಹದ ಮೈಗೂ ನಡುವೆ ಮೆಗ್ಗರ್ ಹಿಡಿಯಬೇಕು. ಮಲ್ಟಿಮೀಟರ್ ಬ್ಯಾಟರಿಯ ಬಲದಲ್ಲಿ ನೋಡುತ್ತದೆ, ಸೀಳು ಬಿಟ್ಟ ಎಲಿಮೆಂಟನ್ನೂ ಎಷ್ಟೋ ಸಲ ಚಲೋ ಅಂತ ತೋರಿಸುತ್ತದೆ. ಇನ್ನು ನೀರೇ ಕಾಯದ ಗೀಸರ್ ಇದ್ದರೆ ಲೋಡ್ ಕೊಟ್ಟು ವೋಲ್ಟೇಜ್ ನೋಡಬೇಕು. ಚಿದ್ರಿ ಕಡೆಯ ಒಂದು ಮನೆಯಲ್ಲಿ ಖಾಲಿ ಇದ್ದಾಗ 230 ಬರುತ್ತಿತ್ತು, ಗೀಸರ್ ಹಾಕಿದರೆ 90ಕ್ಕೆ ಕುಸಿಯುತ್ತಿತ್ತು. 16 ಆಂಪ್ ಸಾಕೆಟ್ ಬಿಚ್ಚಿದರೆ ನ್ಯೂಟ್ರಲ್ ಸ್ಕ್ರೂ ಸಡಿಲ, ಪ್ಲಾಸ್ಟಿಕ್ ಕರಗಿ ಬೆಲ್ಲದ ಹಾಗೆ ಇಳಿದಿತ್ತು. ಅಲ್ಲಿ ನನಗಿಂತ ಮುಂಚೆ ಬಂದವರು ಎರಡು ಥರ್ಮೋಸ್ಟಾಟ್ ಬದಲಿಸಿ ಹೋಗಿದ್ದರು.

ಮೆಗ್ಗರ್ ಹೈದರಾಬಾದ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತ್ತು, ಎರಡೂವರೆ ಸಾವಿರ ಇರಬೇಕು. ಚೆಕ್ ಮಾಡಲು ಮುನ್ನೂರು ತಗೊಳ್ಳುತ್ತೇನೆ. "ನೋಡ್ಲಾಕೂ ರೊಕ್ಕ ಏನ್ರೀ?" ಅಂತ ಮೊದಲು ಕೇಳುತ್ತಿದ್ದರು. ಈಗ ಅವರೇ ಅಕ್ಕಪಕ್ಕದವರಿಗೆ ನನ್ನ ನಂಬರ್ ಕೊಡುತ್ತಾರೆ. ಹೋದ ಚಳಿಗಾಲದಲ್ಲಿ ಅರವತ್ತರ ಮೇಲೆ ಗೀಸರ್ ನೋಡಿದೆ, ವಾಪಸ್ ಕರೆ ಬಂದದ್ದು ಎರಡೇ. ಉಸ್ತಾದರೂ ಮೆಗ್ಗರ್ ಒಯ್ದು ನಾಲ್ಕು ದಿನ ಇಟ್ಟುಕೊಂಡಿದ್ದರು.

ಇನ್ನೊಂದು ಪ್ರಯೋಗ ನಡೆದಿದೆ. ಎಲಿಮೆಂಟಿನ ಒಳಗಿನ ಬಿಳಿ ಪುಡಿ ತೇವ ಹೀರಿ ಕರೆಂಟ್ ಸೋರುತ್ತದಲ್ಲ, ಅಂಥದೊಂದನ್ನು ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಇಟ್ಟೆ. ಮೆಗ್ಗರ್‌ನಲ್ಲಿ ಅರ್ಧ ಮೆಗಾಓಮ್ ಕೂಡ ಇಲ್ಲದ್ದು ನಾಲ್ಕು ದಿನಕ್ಕೆ ಇಪ್ಪತ್ತರ ಹತ್ತಿರ ಬಂತು; ಅಂಕಿ ಏರಿದಷ್ಟೂ ಸೋರಿಕೆ ಕಮ್ಮಿ. ಜುಲೈಯಲ್ಲಿ ಮತ್ತೆ ಎರಡಕ್ಕೆ ಇಳಿಯಿತು. ಗಿರಾಕಿಯ ಮನೆಗೆ ಅದನ್ನು ಹಾಕುವುದಿಲ್ಲ. ಒಣಗಿದ ಕೂಡಲೇ ಬಾಯಿಗೆ ಎಪಾಕ್ಸಿ ಮುಚ್ಚಿದರೆ ತೇವ ನಿಲ್ಲುತ್ತದಾ ಅಂತ ಇನ್ನೊಂದು ಎಲಿಮೆಂಟ್ ತಯಾರು ಮಾಡಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ, ಮಳೆಗಾಲ ಬರಲಿ.